ಮೇಷ್ಟ್ರು ಬೇಡ ಅಂದಿರಲಿಲ್ಲ

ನೀಲಾ, ಅವತ್ತು ಆ ಮೇಷ್ಟ್ರು ಬೇಡ ಅಂದಿರಲಿಲ್ಲ. ಬೇಡ ಅಂದವಳು ನಾನು. ಇಷ್ಟು ವರ್ಷ ಈ ಮಾತನ್ನು ನುಂಗಿಕೊಂಡು, ನಿನ್ನ ಮನೆಯ ಚಹಾ ಕುಡಿಯುತ್ತ ಬಂದಿದ್ದೇನೆ. ಎಂಥ ಗಟ್ಟಿ ಜೀವ ನೋಡು ನನ್ನದು.

ತಾರ್ನಾಕದ ಯೂನಿವರ್ಸಿಟಿಯಲ್ಲಿ ನಿನಗೆ ಸಮಾಜಶಾಸ್ತ್ರದ ಎಂ.ಎ.ಗೆ ಸೀಟು ಸಿಕ್ಕಿತ್ತು. ಆದರೆ ಅದು ಹಿಮಾಯತ್‌ನಗರದ ಗೋಡೆಗೋಡೆಗೂ ಕಂಪ್ಯೂಟರ್ ಕೋರ್ಸಿನ ಪೋಸ್ಟರ್ ಅಂಟಿದ್ದ ಕಾಲ. ನಮ್ಮ ಗಲ್ಲಿಯ ಹುಡುಗ ಹುಡುಗಿಯರೆಲ್ಲ ಅದನ್ನು ಕಲಿಯಲು ಅಮೀರ್‌ಪೇಟೆಯ ಬಸ್ಸು ಹತ್ತುತ್ತಿದ್ದರು. ನಿಮ್ಮಪ್ಪ ಬೇಗಂ ಬಜಾರಿನ ಅಂಗಡಿ ಬಿಟ್ಟು ಅಲುಗಾಡುವವರಲ್ಲ. ‘ಕಲಿಸೋ ಮೇಷ್ಟ್ರನ್ನ ಕೇಳಿ ಬಾ, ಅವರು ಹೂಂ ಅಂದ್ರ ನಂದೂ ಹೂಂ’ ಎಂದು ನಿಮ್ಮವ್ವನಿಗೆ ಹೇಳಿಬಿಟ್ಟರು. ನಿನಗೆ ಅವತ್ತೇ ಜ್ವರ. ನಿಮ್ಮವ್ವನಿಗೋ ಕನ್ನಡ ಬಿಟ್ಟರೆ ತರಕಾರಿ ಕೊಳ್ಳುವಷ್ಟು ಹಿಂದಿ. ಹಾಗಾಗಿ ಅವರ ಜೊತೆ ನಾನು ಹೋದೆ — ಪಕ್ಕದ ಮನೆಯವಳು, ತೆಲುಗು ಬಲ್ಲವಳು, ನಿನ್ನ ಗೆಳತಿ.

ಬೇಗಂ ಬಜಾರಿನ ಹಮಾಲರ ಬಗ್ಗೆ ಪ್ರವೇಶ ಪರೀಕ್ಷೆಯಲ್ಲಿ ನೀನು ಬರೆದದ್ದನ್ನು ಮೇಷ್ಟ್ರು ಮರೆತಿರಲಿಲ್ಲ. ‘ಪಂಪಿಂಚಂಡಿ ಅಮ್ಮಾ’ ಅಂದರು — ಕಳಿಸಿಕೊಡಿ ತಾಯಿ, ಇಂಥ ಕಣ್ಣು ಎಲ್ಲರಿಗೂ ಇರುವುದಿಲ್ಲ, ಮುಂದಿನ ದಾರಿಗೆ ನಾನಿದ್ದೇನೆ. ನಿಮ್ಮವ್ವ ನನ್ನ ಮುಖ ನೋಡಿದರು.

‘ಏನಂತಾರವ್ವಾ?’

ನಾನು — ಆ ಒಂದು ಗಳಿಗೆ… ನೀನು ಇಲ್ಲಿಗೆ ಬಂದರೆ ಅಮೀರ್‌ಪೇಟೆಯ ಬಸ್ಸಿನಲ್ಲಿ ನಾನೊಬ್ಬಳೇ. ಹೊಸಿಲು ದಾಟಿದ ಮೇಲೆ ಕನ್ನಡದಲ್ಲಿ ಹರಟಲು ನಿನ್ನ ಬಿಟ್ಟರೆ ನನಗೆ ಯಾರಿದ್ದರು?

‘ಇದನ್ನ ಓದಿದ್ರ ಕೆಲಸ ಸಿಗೂದು ಭಾಳ ಕಷ್ಟ ಐತಂತ್ರಿ ಚಿಗವ್ವ. ಕಂಪ್ಯೂಟರ್‌ಗೆ ಹಾಕ್ರಿ ಅನ್ನಾಕತ್ತಾರ.’

ನಿಮ್ಮವ್ವ ಎದ್ದು ಮೇಷ್ಟ್ರಿಗೆ ಕೈ ಮುಗಿದರು. ಒಪ್ಪಿದರೆಂದುಕೊಂಡು ಅವರೂ ನಗುತ್ತ ಕೈ ಮುಗಿದರು.

ಜ್ವರ ಇಳಿದ ಮೇಲೆ ನೀನು ನನ್ನ ಜೊತೆ ಬಸ್ಸು ಹತ್ತಿದೆ. ಒಮ್ಮೆ ನೀನೇ ಹೋಗಿ ಅವರನ್ನು ಕೇಳಿದ್ದರೆ — ಕೇಳಲಿಲ್ಲ, ನನ್ನನ್ನು ನಂಬಿದ್ದೆ. ಬಸ್ಸಿನಲ್ಲಿ ಯಾರು ಯಾರಿಗೆ ಸೀಟು ಬಿಟ್ಟುಕೊಡುತ್ತಾರೆ, ಯಾರಿಗೆ ಬಿಡುವುದಿಲ್ಲ ಎಂದು ಕಿವಿಯಲ್ಲಿ ಹೇಳಿ ನಗಿಸುತ್ತಿದ್ದ ನೀನು ಕಿಟಕಿ ಕಡೆ ತಿರುಗಿ ಕೂರತೊಡಗಿದೆ. ಇಬ್ಬರಿಗೂ ನೌಕರಿ ಸಿಕ್ಕಿತು, ಸಂಬಳವೂ ಚೆನ್ನಾಗಿತ್ತು. ನೀನು ಪಕ್ಕದಲ್ಲೇ ಇದ್ದೆ, ನಾನು ಒಂಟಿಯಾಗಿಯೇ ಇದ್ದೆ. ಆಗಬೇಕಾದ್ದೇ ನನಗೆ.

ಮೊನ್ನೆ ನಿನ್ನ ಮಗಳು ತಾನು ಸಮಾಜಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಳು. ನೀನು ನನ್ನೆದುರಿಗೇ ಅಂದೆ: ‘ಬ್ಯಾಡವಾ. ನಾನೂ ನನಗ ಬರ್ತದ ಅಂತ ತಿಳ್ಕೊಂಡಿದ್ದೆ. ನಾ ಬರೆದದ್ದು ಓದಿದ ಮೇಷ್ಟ್ರೇ ಬ್ಯಾಡ ಅಂದ್ರು. ಬೇಕಾದ್ರ ಇಲ್ಲೇ ಕುಂತ ಮೌಶೀನ್ನ ಕೇಳು.’

ನೀನು ಇಷ್ಟು ವರ್ಷ ಹೀಗೆ ತಿಳಿದಿದ್ದೆಯಾ, ನೀಲಾ? ನಿನಗೇ ಯೋಗ್ಯತೆ ಇಲ್ಲವೆಂದು? ಹುಡುಗಿ ನನ್ನ ಕಡೆ ನೋಡಿದಳು. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಕ್ಷಮಿಸು ಅನ್ನುವ ಮುಖ ನನಗಿಲ್ಲ. ನಾಳೆ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಮಗಳನ್ನೂ ಎದುರಿಗೆ ಕೂರಿಸಿಕೊಂಡು, ಮೇಷ್ಟ್ರು ನಿನ್ನ ಬಗ್ಗೆ ಅಂದದ್ದನ್ನು ಅಂದ ಹಾಗೆಯೇ ಹೇಳುತ್ತೇನೆ — ಮೊದಲು ತೆಲುಗಿನಲ್ಲಿ, ಆಮೇಲೆ ನಮ್ಮ ಕನ್ನಡದಲ್ಲಿ. ಅದಾದ ಮೇಲೆ ನೀನು ನನ್ನ ಜೊತೆ ಯಾವ ಭಾಷೆಯಲ್ಲೂ ಮಾತಾಡದಿದ್ದರೂ ಸರಿ.