ಓದಿ ಹೇಳಿದ ವಕೀಲರು

ಅವರ ಎರಡೂ ಕಿವಿಗಳಲ್ಲಿ ಬಿಳಿಗೂದಲು ಕುಚ್ಚಾಗಿ ಬೆಳೆದು ರುಮಾಲಿನ ಕೆಳಗಿಂದ ಇಣುಕುತ್ತಿತ್ತು. ಕಪ್ಪು ಕೋಟಿನ ಆ ಎತ್ತರದ ಮನುಷ್ಯ ಶಿರಹಟ್ಟಿಯ ನಮ್ಮ ಮನೆಯ ಬಾಗಿಲಲ್ಲಿ ಬಗ್ಗಿ ಒಳಬಂದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅವರು ಗದಗಿನ ವಕೀಲರು. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪ ಅವರನ್ನು ಕರೆತಂದಿದ್ದರು.

ಸ್ವಾತಂತ್ರ್ಯ ಬಂದ ಹೊಸತು. ಶಿರಹಟ್ಟಿ ಇನ್ನೂ ಸಂಸ್ಥಾನದಲ್ಲಿತ್ತು, ಗದಗ ಮುಂಬಯಿ ಪ್ರಾಂತದಲ್ಲಿ. ದೊಡ್ಡಪ್ಪನಿಂದ ಬೇರೆಯಾದಾಗ ಅಪ್ಪನಿಗೆ ಬಂದ ಹೊಲಗಳಲ್ಲಿ ಒಂದು ಇಲ್ಲಿತ್ತು, ಇನ್ನೊಂದು ಗದಗಿನ ಕಡೆಯ ಸೊರಟೂರಲ್ಲಿ. ಎರಡು ಸರಕಾರ, ಎರಡು ಕಚೇರಿ. ಅವ್ವನಿಗೆ ಓದು ಬಾರದು. ಮದುವೆಗೆ ಬಂದ ನಾನೊಬ್ಬಳೇ ಮಗಳು. ಹೊಲಗಳನ್ನು ತನಗೆ ಬಿಟ್ಟುಕೊಟ್ಟರೆ ಅವ್ವನಿಗೆ ಕಡೆತನಕ ಅನ್ನ-ಅರಿವೆ ಕೊಟ್ಟು, ನನ್ನ ಮದುವೆ ಮಾಡುತ್ತೇನೆಂದು ದೊಡ್ಡಪ್ಪ ಕಾಗದ ಬರೆಸಿದ್ದರು. ಅವರು ಮೋಸಗಾರರಲ್ಲ. ಹೆಂಗಸರಿಗೆ ಹೊಲ ಭಾರವೆಂದೇ ನಂಬಿದ್ದರು.

ಕಂಬಳಿಯ ಮೇಲೆ ಕೂತ ವಕೀಲರು ಕಾಗದ ಮುಟ್ಟಲೇ ಇಲ್ಲ.

"ತಂಗೆವ್ವಾ, ಹೋದವರು ಹೆಂಗಿದ್ರು? ಮೊದಲ ಅವರ ಸುದ್ದಿ ಹೇಳು. ಆಸ್ತಿ ಎಲ್ಲಿಗೂ ಓಡಿ ಹೋಗೂದಿಲ್ಲ."

ಸಾವಾದ ಯಾವ ಮನೆಗೆ ಹೋದರೂ ಅವರು ಮೊದಲು ಕೇಳುತ್ತಿದ್ದುದು ಇದನ್ನೇ ಎಂದು ಆಮೇಲೆ ತಿಳಿಯಿತು. ಬಾಗಿಲ ಮರೆಯಿಂದ ಅವ್ವ ಮೆಲ್ಲಗೆ ಮಾತಾಡಿದಳು. ಶಿರಹಟ್ಟಿಯ ಹೊಲದಲ್ಲಿ ಗಂಡ-ಹೆಂಡತಿ ಸೇರಿ ಬಾವಿ ತೋಡಿದ್ದು, ಬಸುರಿಯಾಗಿದ್ದ ತಾನು ಮಣ್ಣಿನ ಬುಟ್ಟಿ ಹೊತ್ತದ್ದು, ನೀರು ಬಿದ್ದ ದಿನ ಅಪ್ಪ ಮೊದಲ ಬೊಗಸೆಯನ್ನು ತನಗೇ ಕುಡಿಸಿದ್ದು. ಅಪ್ಪ ಸತ್ತ ಮೇಲೆ ಅವಳು ಅಷ್ಟು ಮಾತಾಡಿದ್ದು ಅಂದೇ.

ದೊಡ್ಡಪ್ಪ ಮಸಿ ಮುಂದಿಟ್ಟರು. "ಹೆಬ್ಬಟ್ಟು ಒತ್ತವ್ವಾ. ವಕೀಲರು ಗದಗಿನ ಮೋಟಾರ ಹಿಡೀಬೇಕು."

"ಮೋಟಾರ ನಾಳೆನೂ ಬರ್ತೈತ್ರಿ" ಎಂದರು ವಕೀಲರು. ಸಂಸ್ಥಾನದ ಕಾಗದಗಳೆಲ್ಲ ಮರಾಠಿಯಲ್ಲಿ. ಅವರು ಒಂದೊಂದು ಸಾಲನ್ನೂ ಓದಿ, ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರು. "ಇನ್ನ ಮುಂದ ನನಗೂ ನನ್ನ ಮಗಳಿಗೂ ಈ ಹೊಲದ ಮ್ಯಾಲೆ ಹಕ್ಕಿಲ್ಲ" ಎಂಬಲ್ಲಿಗೆ ಬಂದಾಗ ಅವ್ವ ಕೇಳಿದಳು:

"ಬಾವಿನೂ ಹೋಗತೈತೇನ್ರಿ?"

"ಹೌದವ್ವಾ, ಬಾವಿನೂ."

"ಹಂಗಿದ್ರ ನಾ ಒತ್ತೂದಿಲ್ರಿ."

ದೊಡ್ಡಪ್ಪ ಎದ್ದು ನಿಂತರು. "ನಿಮ್ಮನ್ನ ಕರಕೊಂಡು ಬಂದಾವ ನಾ! ನೀವು ಯಾರ ವಕೀಲರು?"

"ನಿಮ್ಮ ವಕೀಲನ ಅದೀನ್ರಿ. ಅದಕ್ಕ ಹೇಳಾಕತ್ತೀನಿ. ತಿಳೀದ ಒತ್ತಿದ್ದು ಹೆಬ್ಬಟ್ಟಲ್ರಿ, ಬರೇ ಮಸಿ."

ಸಿಟ್ಟಾದ ದೊಡ್ಡಪ್ಪ ಆ ಸುಗ್ಗಿ ಮುಗಿಯುವತನಕ ನಮ್ಮ ಹೊಸ್ತಿಲು ತುಳಿಯಲಿಲ್ಲ. ಒಂದು ದಿನ ತಾವಾಗಿಯೇ ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳಿದರು. "ವಕೀಲರ ಕಡೆ ಹೋಗೂಣವ್ವಾ, ಇಬ್ಬರೂ ಕೂಡಿ."

ವಕೀಲರು ಇಬ್ಬರ ಮಾತನ್ನೂ ಕೇಳಿ ಹೊಸ ಕಾಗದ ಮಾಡಿದರು. ಹೊಲ ಎರಡೂ ಅವ್ವನ ಹೆಸರಿಗೆ. ಸೊರಟೂರಿನದನ್ನು ದೊಡ್ಡಪ್ಪ ಉಳುವುದು, ಬೆಳೆಯಲ್ಲಿ ಅರ್ಧ ಅವ್ವನಿಗೆ. ಅಷ್ಟರಲ್ಲಿ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಗಿ ದಫ್ತರಗಳೆಲ್ಲ ಅತ್ತಿತ್ತ ಆದವು. ವಕೀಲರು ಮತ್ತೆ ಮತ್ತೆ ಶಿರಹಟ್ಟಿಗೆ ಬಂದು, ಕಚೇರಿಯ ಪಡಸಾಲೆಯಲ್ಲಿ ಕಾದು ಕೂತು ಕೆಲಸ ಮುಗಿಸಿಕೊಟ್ಟರು. ನನ್ನ ಮದುವೆಯಲ್ಲಿ ಧಾರೆ ಎರೆದವರು ದೊಡ್ಡಪ್ಪನೇ.

ಕರ್ನಾಟಕ ಒಂದಾದ ಮರುವರ್ಷ ವಕೀಲರು ತೀರಿಕೊಂಡರು. ಖಬರ ಬಂದ ಕೂಡಲೇ ಅವ್ವ, ದೊಡ್ಡಪ್ಪ, ನಾನು ಮೂವರೂ ಗದಗಿಗೆ ಹೋಗಿ ಅವರ ಮನೆಯವರನ್ನು ಮಾತಾಡಿಸಿ ಬಂದೆವು. ತಿರುಗಿ ಬರುವಾಗ ಮೋಟಾರಿಗೆ ಕಾಯುತ್ತ ಬೇವಿನ ಗಿಡದ ನೆರಳಲ್ಲಿ ಕೂತಿದ್ದೆವು. ದೊಡ್ಡಪ್ಪ ನೆಲ ನೋಡುತ್ತ ಅಂದರು:

"ಅವತ್ತ ಅವರು ಓದಿ ಹೇಳದಿದ್ರ ಹೊಲ ನನಗ ಬರ್ತಿತ್ತವ್ವಾ. ಮಾರಿ ಎತ್ತಿ ನಿಮ್ಮ ಮನಿಗೆ ಬರಾಕ ಮಾತ್ರ ಆಗ್ತಿರಲಿಲ್ಲ."

ಅವ್ವ ಬುತ್ತಿಯ ಗಂಟು ಬಿಚ್ಚಿ ಮೊದಲ ರೊಟ್ಟಿಯನ್ನು ಅವರ ಕೈಗಿಟ್ಟಳು.