ಅಳತೆಗೆ ಸಿಗದ ಗವಿ

ಆಗ ನಾನು ನೆಲ ಅಳೆಯುವ ಮೋಜಣಿ ಇಲಾಖೆಯಲ್ಲಿದ್ದೆ. ಅಂಕಲಗಿ ಕಡೆಯ ಒಂದು ಸರಕಾರಿ ಗುಡ್ಡದಲ್ಲಿ ಕಲ್ಲು ತೆಗೆಯಲು ಎಲ್ಲೆ ಗುರುತಿಸಬೇಕಿತ್ತು. ಅಚ್ಚರಿಯೆಂದರೆ, ಕಲ್ಲು ಒಡೆಯುವ ಹುಸೇನಸಾಬರೇ ನನ್ನನ್ನು ತಡೆದರು.

"ಈ ಮಗ್ಗಲಾ ಬಿಡ್ರಿ, ಸಾಹೇಬ್ರ. ಕೆಳಗ ಗವಿ ಐತಿ. ಮ್ಯಾಲ ಮದ್ದು ಹಾರಿಸಿದ್ರ ಕುಸೀತೈತಿ."

"ಛಲೋ ಕಲ್ಲು ಇಲ್ಲೇ ಐತಲ್ರಿ. ನಿಮ್ಮ ಹೊಟ್ಟೀಪಾಡು?"

"ಕಲ್ಲು ಆಚೀ ಕಡೀನೂ ಐತ್ರಿ. ಇಂಥಾ ಗವಿ ಇನ್ನೊಂದಿಲ್ಲ. ಒಳಗ ಬಂದು ನೋಡ್ರಿ."

ಕಂದೀಲು ಹಿಡಿದ ಅವರ ಹಿಂದೆ ಇಳಿದೆ. ಹೊರಗಿನ ಬಿಸಿಲು ಬೇರೆ ಯಾವುದೋ ಊರಿನದೆಂಬಂತೆ ದೂರವಾಯಿತು. ಬಿಳಿಯ ಕಲ್ಲು ಮೇಲಿನಿಂದ ಹಸುವಿನ ಕೆಚ್ಚಲಿನಂತೆ ಇಳಿಬಿದ್ದಿತ್ತು. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಹನಿ ಬಿದ್ದ ಮೇಲೆ ಮುಂದಿನದಕ್ಕಾಗಿ ಇಬ್ಬರೂ ಉಸಿರು ಹಿಡಿದು ಕಾಯುತ್ತ ಕುಳಿತೆವು. ಹೊರಗೆ ಬಂದಾಗ ಹೊತ್ತು ಇಳಿದಿತ್ತು.

ಆ ಮಗ್ಗುಲಲ್ಲಿ ಕಲ್ಲು ಒಡೆಯಬಾರದೆಂದು ವರದಿ ಬರೆದೆ. ಗವಿಯ ಉದ್ದ ಎಂಬಲ್ಲಿ "ಅಳೆಯಲಾಗಲಿಲ್ಲ" ಎಂದು ತುಂಬಿದೆ. ಮೇಲಿನ ಸಾಹೇಬರು, ಅಷ್ಟು ದೊಡ್ಡ ಗವಿಯೇ ಎಂದು ಬೆರಗಾಗಿ, ಆ ಮಗ್ಗುಲಲ್ಲಿ ಕಲ್ಲು ತೆಗೆಯುವುದನ್ನೇ ನಿಷೇಧಿಸಿ ಹುಕುಂ ಹೊರಡಿಸಿದರು. ನಾನು ಅಳತೆಯ ಸರಪಳಿ ಬಿಚ್ಚುವುದನ್ನೇ ಮರೆತಿದ್ದೆನೆಂದು ಅವರಿಗೆ ನಾನೂ ಹೇಳಲಿಲ್ಲ, ಹುಸೇನಸಾಬರೂ ಹೇಳಲಿಲ್ಲ.