ಹವಳಕ್ಕೆ ನಾನು ಎರೆದ ಉಪ್ಪುನೀರು

ಮಂಗಳೂರಿನ ಕಾನ್ವೆಂಟಿನಲ್ಲಿದ್ದಾಗ ಭಾನುವಾರ ಸಂಜೆ ಸಿಸ್ಟರ್‌ಗಳು ನಮ್ಮನ್ನು ಸಾಲಾಗಿ ಬೀಚಿಗೆ ಕರೆದೊಯ್ಯುತ್ತಿದ್ದರು. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೆ ನನ್ನ ಪಾಲಿಗಿದ್ದದ್ದು ಕಡಲೆಕಾಯಿ ಎಣ್ಣೆಯ ವಾಸನೆ, ತಲೆಯ ಮೇಲೆ ಬೇಕಾದಷ್ಟು ಆಕಾಶ. ಕಂಪ್ಲೇಂಟ್ ಏನೂ ಇರಲಿಲ್ಲ. ಆದರೂ ಅರವತ್ತು ದಾಟಿದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಮದ್ರಾಸಿನ ಅಂಗಡಿಯೊಂದರಲ್ಲಿ ಉಪ್ಪುನೀರಿನ ಅಕ್ವೇರಿಯಂ ಮುಂದೆ ನಿಂತವಳು ಅಲ್ಲಿಂದ ಕದಲಲಿಲ್ಲ. ಯಜಮಾನರು ಸೋತು ಗಾಜಿನ ತೊಟ್ಟಿ, ಲೈಟು, ಪಂಪು, ಸಮುದ್ರದ ಉಪ್ಪಿನ ಪ್ಯಾಕೆಟ್ಟು, ಜೊತೆಗೊಂದು ಜೀವಂತ ಹವಳ ಕೊಡಿಸಿದರು. ಆಗಿನ್ನೂ ಅದಕ್ಕೆ ನಿಷೇಧ ಬಂದಿರಲಿಲ್ಲ.

ಅಂಗೈಯಗಲದ ಕಲ್ಲು. ಅದರ ಮೇಲೆ ಮೊಳಕಾಲ್ಮೂರು ರೇಷ್ಮೆಯಂಥ ಹಸಿರು ಮಾಂಸದ ಮಡಿಕೆ. ಬೆಳಿಗ್ಗೆ ಲೈಟ್ ಹಾಕಿದರೆ ನಿಧಾನವಾಗಿ ಉಬ್ಬಿ, ಕಲ್ಲಿನ ಅಂಚನ್ನೆಲ್ಲ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಬೋರ್‌ವೆಲ್ ನೀರು ಗಡಸು. ಹಾಗಾಗಿ ಇನ್ವರ್ಟರ್ ನೋಡಿಕೊಳ್ಳುತ್ತಿದ್ದ ಬ್ಯಾಟರಿ ಸಾಬರೇ ತೊಟ್ಟಿಗೂ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದುಕೊಡುತ್ತಿದ್ದರು.

ಬೇಸಿಗೆ ಬಂತು. ನೀರು ಕಾಯದಿರಲೆಂದು ತೊಟ್ಟಿಯ ಮೇಲೆ ಫ್ಯಾನ್ ತಿರುಗಿಸಿಟ್ಟೆ. ದಿನಕ್ಕೆ ಎರಡು ಬೆರಳು ನೀರು ಇಳಿಯತೊಡಗಿತು. ತೊಟ್ಟಿಯ ಜೊತೆ ಕೊಟ್ಟಿದ್ದ ಬುಕ್‌ಲೆಟ್ಟಿನ ಅಳತೆಯಂತೆ ಉಪ್ಪು ಕದಡಿ ದಿನಾ ತುಂಬಿಸುತ್ತಿದ್ದೆ. ಉಪ್ಪಿನಂಶ ಅಳೆಯುವ ಮೀಟರು ಮದ್ರಾಸಿನಿಂದ ಬರುವಾಗ ಬಸ್ಸಿನಲ್ಲೇ ಒಡೆದುಹೋಗಿತ್ತು; ಅಳತೆ ಸರಿಯಾಗಿ ಹಾಕುತ್ತೇನಲ್ಲ ಎಂದು ಇನ್ನೊಂದನ್ನು ತರಿಸಿರಲಿಲ್ಲ.

ಹವಳ ಕುಗ್ಗಿತು. ಅಂಚಿನಲ್ಲಿ ಬಿಳಿ ಕಲ್ಲು ಹಲ್ಲಿನಂತೆ ಕಾಣಿಸಿತು. ಲೈಟ್ ಕಡಿಮೆ ಮಾಡಿದೆ, ಪಂಪಿನ ದಿಕ್ಕು ಬದಲಿಸಿದೆ. ಏನೂ ಆಗಲಿಲ್ಲ.

"ಬಿಟ್ಟುಬಿಡೇ," ಎಂದರು ಯಜಮಾನರು. "ಸತ್ತರೆ ಬಾಗಿಲಿಗೆ ಅಡ್ಡ ಇಡೋಕಾದ್ರೂ ಆಗ್ತೈತೆ."

ನನಗೆ ನಗು ಬರಲಿಲ್ಲ. ಸಮುದ್ರ ಎರಡನೇ ಸಲ ನನ್ನನ್ನು ಬಿಟ್ಟು ಹೋಗುತ್ತಿದೆ ಅನ್ನಿಸಿತ್ತು.

ಒಂದು ಬೆಳಿಗ್ಗೆ ಸಾಬರು ನಡುಮನೆಯಲ್ಲಿ ಇನ್ವರ್ಟರ್ ಬ್ಯಾಟರಿಯ ಮುಚ್ಚಳ ಬಿಚ್ಚಿ ನೀರು ಹಾಕುತ್ತಿದ್ದರು. ನಾನು ಇತ್ತ ಮಗ್ಗಿನಲ್ಲಿ ಉಪ್ಪು ಕದಡುತ್ತಿದ್ದೆ.

"ಅಮ್ಮಾ, ದಿನಾ ಉಪ್ಪು ಹಾಕ್ತೀರೇನ್ರಿ?"

"ಹೌದಪ್ಪ, ಇಳಿದಷ್ಟು ತುಂಬಬೇಕಲ್ಲ."

"ಅರೇ! ನೋಡ್ರಿ ಇಲ್ಲಿ. ಇದ್ರಾಗೆ ಆಸಿಡ್ ಐತೆ. ನಾನು ಬಂದಾಗೆಲ್ಲ ಆಸಿಡ್ ಹಾಕ್ತೀನಾ? ಬರೀ ನೀರು. ಹಾರಿಹೋಗೋದು ನೀರೇ ಅಮ್ಮಾ, ಆಸಿಡ್ ಎಲ್ಲಿಗ್ ಹೋಗ್ತೈತೆ? ನಿಮ್ಮ ಉಪ್ಪು ಎಲ್ಲಿಗ್ ಹೋಗ್ತೈತೆ?"

ಮಗ್ ಕೆಳಗಿಟ್ಟೆ. ಕಾನ್ವೆಂಟಿನ ಕೆಮಿಸ್ಟ್ರಿಯಲ್ಲಿ ನನಗೆ ಫಸ್ಟ್ ಕ್ಲಾಸ್ ಬಂದಿತ್ತು. ಇಡೀ ತಿಂಗಳು ಆ ಜೀವವನ್ನು ನಾನೇ ಉಪ್ಪಿನಕಾಯಿ ಹಾಕುತ್ತಿದ್ದೆ.

"ಉಪ್ಪಿನ ನೀರು ಸ್ವಲ್ಪ ತೆಗೆದು ಇದನ್ನ ಹಾಕ್ರಿ," ಎಂದು ಅವರು ಕ್ಯಾನಿನತ್ತ ಕೈ ಮಾಡಿದರು. ಒಮ್ಮೆಗೇ ಬದಲಿಸಿದರೆ ಹವಳ ತಡೆಯದು ಎಂದು ಬುಕ್‌ಲೆಟ್ಟಿನಲ್ಲಿತ್ತು. ದಿನಕ್ಕೊಂದು ಚೊಂಬು ತೆಗೆದೆ, ಒಂದು ಚೊಂಬು ಬರೀ ನೀರು ಹಾಕಿದೆ. ಹೊಸ ಮೀಟರೂ ತರಿಸಿದೆ. ಹತ್ತಾರು ದಿನ ಕಲ್ಲು ಕಲ್ಲಾಗೇ ಇತ್ತು. ಆಮೇಲೊಂದು ಬೆಳಿಗ್ಗೆ ಒಂದು ಮಗ್ಗುಲಲ್ಲಿ ಹಸಿರು ಉಬ್ಬಿತು; ಮರುವಾರ ಇನ್ನೊಂದು ಮಗ್ಗುಲಲ್ಲೂ.

ಸಾಬರು ಮುಂದಿನ ಕ್ಯಾನ್ ತಂದಾಗ ಹವಳ ಪೂರ್ತಿ ಅರಳಿತ್ತು. ಇಂಗ್ಲಿಷಿನಲ್ಲಾದರೆ ಥ್ಯಾಂಕ್ಯೂ ಅಂದು ಮುಗಿಸಬಹುದಿತ್ತು. ರಿಪೇರಿಗೆ ಬಂದವರಿಗೆ ನಮ್ಮಲ್ಲಿ ಜಗಲಿಯ ಮೇಲೆ ಟೀ ಕೊಡುವುದು ರೂಢಿ. ಅಂದು ಯಜಮಾನರ ಆರಾಮ ಕುರ್ಚಿಯನ್ನೇ ತೊಟ್ಟಿಯ ಎದುರಿಗೆ ಎಳೆದು, "ಕೂತ್ಕೊಳ್ಳಪ್ಪ, ಇಲ್ಲೇ ಕೂತು ನೋಡು," ಎಂದೆ. ಸಂಕೋಚದಿಂದ ಕುರ್ಚಿಯ ತುದಿಗೆ ಕೂತರು. ಟೀ ಆರುತ್ತಿದ್ದರೂ ಕಣ್ಣು ತೊಟ್ಟಿಯ ಮೇಲೇ ಇತ್ತು.

"ಕಲ್ಲು ಉಸಿರಾಡ್ತೈತಲ್ಲ ಅಮ್ಮಾ!"

ಬಾಗಿಲಲ್ಲಿ ನಿಂತಿದ್ದ ಯಜಮಾನರು ಒಳಗೆ ಬಂದರು. ತಮ್ಮ ಕುರ್ಚಿ ಕೇಳುತ್ತಾರೇನೋ ಅಂದುಕೊಂಡೆ. ಅವರು ಒಂದು ಮಣೆ ತಂದು ಪಕ್ಕದಲ್ಲಿ ಹಾಕಿಕೊಂಡು, "ಸ್ವಲ್ಪ ತಲೆ ಸರಿಸಪ್ಪಾ, ನನಗೂ ಕಾಣ್ಲಿ," ಎಂದರು.